ಒಣದ್ರಾಕ್ಷಿ ಶೆಡ್ಡಿನಲ್ಲಿ ಹತ್ತು ಮೀಟರ್

ಸಿಂಧೂರ ಲಕ್ಷ್ಮಣನ ನಾಟಕ ನೋಡದೆ ಬೆಳೆದವರು ನಮ್ಮ ಕಡೆ ಕಡಿಮೆ. ಅವನ ಸಿಂಧೂರು ನಮ್ಮ ಜತ್ತ ತಾಲ್ಲೂಕಿನದೇ ಊರು. ರಂಗದ ಮೇಲೆ ಬಂದೂಕು ಢಮ್ ಅಂದರೆ ಸಾಕು, ಶಿಳ್ಳೆ ಬೀಳುತ್ತವೆ, ಹಿಂದೆ ಕೂತ ಮುದುಕರೂ ಮುಂದೆ ಬಾಗುತ್ತಾರೆ. ಬಂದೂಕೆಂದರೆ ಸದ್ದು ಎಂಬ ತಿಳಿವಳಿಕೆ ನಮ್ಮೂರು ಕರಜಗಿಯ ಹುಡುಗರಿಗೆ ಹೀಗೇ ಬಂದಿದೆ. ಏರ್ ರೈಫಲ್ ಕೈಗೆ ಸಿಕ್ಕ ಮೊದಲ ವಾರ ಡಬ್ಬಿಗಟ್ಟಲೆ ಪೆಲೆಟ್ಟು ಖಾಲಿ ಮಾಡುತ್ತಾರೆ. ಎರಡನೆಯ ವಾರಕ್ಕೆ ಅರ್ಧ ಜನ ಉಳಿದಿರುತ್ತಾರೆ, ಮೂರನೆಯ ವಾರ ಬರುವವರೇ ನಿಜವಾದ ಗಿರಾಕಿಗಳು. ಈ ಪಾಠಗಳು ಆ ಮೂರನೆಯ ವಾರದವರಿಗೆ.

ಲಿವರ್ ಎಳೆದು ಗುಂಡು ತುಂಬುವ ರೈಫಲ್ ಎಂದರೆ ಸಿನಿಮಾ ನೋಡಿದವರ ಕಣ್ಣಿಗೆ ಕುದುರೆ ಸವಾರನೊಬ್ಬ ಬರುತ್ತಾನೆ. ಅಮೆರಿಕದ ವಿಂಚೆಸ್ಟರ್ 1873 ಅಂಥದ್ದು. ಹಿಡಿಯ ಕೆಳಗಿನ ಲಿವರನ್ನು ಒಮ್ಮೆ ಕೆಳಗೆ ತಳ್ಳಿ ಮೇಲೆಳೆದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಅದರ ಹೆಚ್ಚುಗಾರಿಕೆಯೆಲ್ಲ ವೇಗದಲ್ಲಿದೆ. ನಮ್ಮಲ್ಲಿ ಅಂಥ ರೈಫಲಿಗೆ ಲೈಸೆನ್ಸ್ ಬೇಕು, ಸಿಗುವುದೂ ಅಪರೂಪ. ನಮ್ಮ ಕೈಯಲ್ಲಿ ಲಿವರ್ ಇರುವುದು ಹತ್ತು ಮೀಟರಿನ ಏರ್ ರೈಫಲಿನಲ್ಲಿ. ಮಗ್ಗುಲಲ್ಲಿ ಉದ್ದನೆಯ ಲಿವರ್. ಅದನ್ನು ಹಿಂದಕ್ಕೆಳೆದರೆ ಒಳಗಿನ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಇನ್ನೊಂದು ಬಗೆಯದರಲ್ಲಿ ಲಿವರನ್ನು ತೆರೆದು ಮುಚ್ಚಿದರೆ ಗಾಳಿಯೇ ಒತ್ತಡಕ್ಕೆ ಬರುತ್ತದೆ. ಒಂದು ಎಳೆತ, ಒಂದು ಪೆಲೆಟ್ಟು, ಅಷ್ಟೇ. ಈಗಿನ ದೊಡ್ಡ ಸ್ಪರ್ಧೆಗಳಲ್ಲಿ ಸಿಲಿಂಡರಿನಲ್ಲಿ ಗಾಳಿ ತುಂಬಿಟ್ಟ ರೈಫಲುಗಳು ಬಂದಿವೆ. ಆದರೂ ಫೈನ್‌ವರ್ಕ್‌ಬಾವ್ 300ರಂಥ ಹಳೆಯ ಜರ್ಮನ್ ಲಿವರ್ ರೈಫಲುಗಳು ಕ್ಲಬ್ಬಿನಿಂದ ಕ್ಲಬ್ಬಿಗೆ, ಕೈಯಿಂದ ಕೈಗೆ ದಾಟುತ್ತಾ ಇನ್ನೂ ಬದುಕಿವೆ. ನಾನು ಕಲಿತದ್ದೂ ಕಲಿಸುತ್ತಿರುವುದೂ ಅಂಥದ್ದರ ಮೇಲೆಯೇ. ಬೇರೆ ಯಾವುದೂ ಕೈಗೆ ಸಿಗದ್ದಕ್ಕೆ ಹೀಗಾಯಿತು ಅನ್ನುವುದು ಒಂದು ಕಾರಣ. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯದು ಇಲ್ಲ ಅನ್ನುವುದು ಇನ್ನೊಂದು.

1. ಪೆಲೆಟ್ಟು ಎಣಿಸಬೇಡಿ, ಸುತ್ತು ಎಣಿಸಿ

“ಸರ, ಇವತ್ತ ನೂರು ಹೊಡದ್ನಿ” ಎಂದು ಹುಡುಗ ಬಂದು ಹೇಳಿದರೆ ನಾನು ಕೇಳುವುದು ಒಂದೇ: “ಎಷ್ಟು ಹೊತ್ತಿನ್ಯಾಗ?” ಅರ್ಧ ಗಂಟೆ ಅಂದರೆ ಆ ನೂರರಲ್ಲಿ ಅಭ್ಯಾಸ ಆದದ್ದು ಹತ್ತೂ ಇಲ್ಲ.

ಒಂದು ಸುತ್ತು ಅಂದರೆ ಲಿವರಿಗೆ ಕೈ ಹಾಕಿದಲ್ಲಿಂದ ಮತ್ತೆ ಲಿವರಿಗೆ ಕೈ ಹಾಕುವವರೆಗೆ. ರೈಫಲ್ ಸ್ಟ್ಯಾಂಡಿನ ಮೇಲೆ ಕೂತಿದೆ. ಲಿವರ್ ಎಳೆದಿರಿ, ಪೆಲೆಟ್ಟು ಇಟ್ಟಿರಿ, ಲಿವರ್ ಮುಚ್ಚಿದಿರಿ. ಹಿಂಬದಿ ಹೆಗಲಿಗೆ ಬಂತು, ಕೆನ್ನೆ ಮರಕ್ಕೆ ಹತ್ತಿತು. ಎಡಮೊಣಕೈ ಪಕ್ಕೆಲುಬಿನ ಕೆಳಗೆ, ಸೊಂಟದ ಎಲುಬಿನ ಮೇಲೆ ಕೂತಿತು. ಒಂದು ಪೂರ್ತಿ ಉಸಿರು, ಇನ್ನೊಂದು ಅರ್ಧ. ಉಸಿರು ತಾನಾಗಿ ನಿಲ್ಲುವ ಜಾಗದಲ್ಲಿ ನಿಂತಿತು. ಹಿಂದಿನ ಸೈಟಿನ ಸಣ್ಣ ತೂತಿನೊಳಗೆ ಮುಂದಿನ ಸೈಟಿನ ಉಂಗುರ, ಉಂಗುರದೊಳಗೆ ಕರಿ ಬೊಟ್ಟು, ಸುತ್ತ ಸಮನಾದ ಬಿಳಿ ಅಂಚು. ಬೆರಳು ಒತ್ತುತ್ತಾ ಹೋಯಿತು. ಪೆಲೆಟ್ಟು ಹೊರಟಿತು. ಹೊರಟ ಮೇಲೂ ಒಂದೆರಡು ಕ್ಷಣ ಕಣ್ಣು ಸೈಟಿನಲ್ಲೇ, ಬೆರಳು ಟ್ರಿಗರಿನಲ್ಲೇ. ಆಮೇಲೆ ಇಳಿಸುವುದು, ಎಲ್ಲಿ ಬಿತ್ತೆಂದು ಮನಸ್ಸಿನಲ್ಲಿ ಹೇಳಿಕೊಳ್ಳುವುದು, ಬರೆದುಕೊಳ್ಳುವುದು. ಆಗ ಮತ್ತೆ ಲಿವರ್.

ಅಂತರರಾಷ್ಟ್ರೀಯ ನಿಯಮದಲ್ಲಿ ಅರವತ್ತು ಗುಂಡಿಗೆ 75 ನಿಮಿಷ ಕೊಡುತ್ತಾರೆ. ಅಂದರೆ ಗುಂಡಿಗೆ ಒಂದೂಕಾಲು ನಿಮಿಷ. ಊರಲ್ಲಿ ನಾವೂ ಅದೇ ಲೆಕ್ಕದಲ್ಲಿ ನಡೆಯಬೇಕು. ಹೊಸಬನಿಗೆ ಅರ್ಧ ಗಂಟೆಯಲ್ಲಿ ಇಪ್ಪತ್ತು ಸುತ್ತು ಬೇಕಾದಷ್ಟಾಯಿತು. ಸಿಲಿಂಡರಿನ ರೈಫಲಿನಲ್ಲಿ ಆತುರಕ್ಕೆ ಅಡ್ಡಿಯಿಲ್ಲ; ಚಿಟಿಕೆ ಹೊಡೆಯುವಷ್ಟರಲ್ಲಿ ಇನ್ನೊಂದು ಪೆಲೆಟ್ಟು ಒಳಗೆ. ಲಿವರ್ ಹಾಗೆ ಬಿಡುವುದಿಲ್ಲ. ಪ್ರತಿ ಸಲ ರೈಫಲ್ ಕೆಳಗಿಳಿಸಬೇಕು, ಹೆಗಲು ಸಡಿಲಿಸಬೇಕು, ತೋಳಿಗೆ ಕೆಲಸ ಕೊಡಬೇಕು. ವಿಂಚೆಸ್ಟರ್ ಹಿಡಿದವನನ್ನು ಲಿವರ್ ಓಡಿಸುತ್ತದೆ, ನಮ್ಮನ್ನು ನಿಲ್ಲಿಸುತ್ತದೆ. ಹಳೆಯ ರೈಫಲೆಂದು ಮೂಗು ಮುರಿಯುವವರಿಗೆ ಇದನ್ನೇ ಹೇಳುತ್ತೇನೆ.

ಎಳೆಯುವ ರೀತಿಯೂ ಸುತ್ತಿನ ಭಾಗವೇ. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಎಳೆದರೆ ಎದೆಬಡಿತ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಮುಂದಿನ ಸೈಟ್ ಆ ಬಡಿತವನ್ನು ಕುಣಿದು ತೋರಿಸುತ್ತದೆ. ಒಂದೇ ತೂಕದಲ್ಲಿ, ಒಂದೇ ನಡೆಯಲ್ಲಿ ಎಳೆಯಿರಿ.

2. ಲಿವರ್ ತೆರೆದಿರುವಾಗ ಕೈ ಬಿಡಬೇಡಿ

ಇದರಲ್ಲಿ ಚೌಕಾಶಿ ಇಲ್ಲ. ಸ್ಪ್ರಿಂಗಿನ ಲಿವರ್ ರೈಫಲಿನಲ್ಲಿ ಲಿವರ್ ಎಳೆದಾಗ ಪೆಲೆಟ್ಟು ಇಡುವ ಬಾಯಿ ತೆರೆದುಕೊಳ್ಳುತ್ತದೆ. ಆ ಬಾಯಿಯ ಹಿಂದೆ ಗಟ್ಟಿ ಉಕ್ಕಿನ ಕೊಳವೆಯನ್ನು ಪೂರ್ತಿ ಅಮುಕಿದ ಸ್ಪ್ರಿಂಗ್ ಮುಂದಕ್ಕೆ ತಳ್ಳಲು ಕಾದು ಕೂತಿರುತ್ತದೆ. ಒಳಗಿನ ಕೊಕ್ಕೆ ಸವೆದು ಜಾರಿತೆನ್ನಿ, ಕೊಳವೆ ಮುಂದಕ್ಕೆ ಹಾರುತ್ತದೆ. ಮಧ್ಯದಲ್ಲಿ ಹೆಬ್ಬೆರಳಿದ್ದರೆ ಹೆಬ್ಬೆರಳಿನ ಗತಿ ಮುಗಿಯಿತು. ಒಳ್ಳೆಯ ರೈಫಲುಗಳಲ್ಲಿ ಇದನ್ನು ತಡೆಯುವ ಹಲ್ಲುಗಳಿರುತ್ತವೆ. ಆದರೆ ಹಲ್ಲೂ ಸವೆಯುತ್ತದೆ. ಆದ್ದರಿಂದ ಒಂದು ಕೈ ಲಿವರನ್ನು ಗಟ್ಟಿ ಹಿಡಿದೇ ಇರಬೇಕು, ಪೆಲೆಟ್ಟು ಇಡುವುದು ಇನ್ನೊಂದು ಕೈ, ಟ್ರಿಗರಿನ ಹತ್ತಿರ ಯಾವ ಬೆರಳೂ ಇರಬಾರದು. ಲಿವರ್ ಪೂರ್ತಿ ಮುಚ್ಚಿ ತನ್ನ ಜಾಗಕ್ಕೆ ಕೂತ ಮೇಲಷ್ಟೇ ಕೈ ಬಿಡಬೇಕು.

ಇದನ್ನು ಹುಡುಗರಿಗೆ ಹೇಳಿ ಬಿಟ್ಟರೆ ಸಾಲದು. ಮೊದಲ ದಿನಗಳಲ್ಲಿ ಪೆಲೆಟ್ಟಿಲ್ಲದೆ, ನಾನು ಎದುರಿಗೆ ನಿಂತು, ಬರೀ ತೆರೆಯುವುದು ಮುಚ್ಚುವುದನ್ನೇ ಮಾಡಿಸುತ್ತೇನೆ. ಬೇಸರ ಬಂದು ಆಕಳಿಸುತ್ತಾರೆ. ಆಕಳಿಸಲಿ.

3. ಗಡಿಯಾರಕ್ಕಲ್ಲ, ಹಾಲಿನ ಕ್ಯಾನಿಗೆ ಕಟ್ಟಿ

ಪುಸ್ತಕಗಳಲ್ಲಿ ಬರೆದಿರುತ್ತದೆ, ದಿನಾ ಬೆಳಿಗ್ಗೆ ಆರಕ್ಕೆ ಅಭ್ಯಾಸ ಮಾಡಿ ಎಂದು. ಅದನ್ನು ಬರೆದವರ ಮನೆಯಲ್ಲಿ ಪಂಪ್‌ಸೆಟ್ ಇರಲಿಕ್ಕಿಲ್ಲ. ನಮ್ಮಲ್ಲಿ ಕೃಷಿಗೆ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲಿಗೆ, ಒಂದು ವಾರ ರಾತ್ರಿಗೆ. ರಾತ್ರಿ ಸರದಿಯಲ್ಲಿ ದಾಳಿಂಬೆಗೆ ನೀರು ಬಿಟ್ಟು ನಸುಕಿನಲ್ಲಿ ಮಲಗಿದವನನ್ನು ಆರಕ್ಕೆ ಏಳಿಸಿದರೆ ಅವನ ಕೈಯಲ್ಲಿ ರೈಫಲ್ ಏನು, ಚಹಾದ ಕಪ್ಪೂ ನಿಲ್ಲುವುದಿಲ್ಲ. ಮಳೆಯ ನೆರಳಿನ ಬರದ ತಾಲ್ಲೂಕಿದು. ನೀರು ಬಂದಾಗ ಬಿಟ್ಟುಕೊಳ್ಳಲೇಬೇಕು.

ಗಡಿಯಾರ ಬದಲಾದರೂ ನಿಲ್ಲದ ಒಂದು ಕೆಲಸ ನಮ್ಮ ಮನೆಗಳಲ್ಲಿದೆ: ಹಾಲು ಕರೆದು ಡೇರಿಗೆ ಹಾಕುವುದು. ಹಬ್ಬ ಇರಲಿ, ಮದುವೆ ಇರಲಿ, ಎಮ್ಮೆ ರಜೆ ಕೊಡುವುದಿಲ್ಲ. ಹಾಗಾಗಿ ನಮ್ಮ ಹುಡುಗರ ನಿಯಮ ಇಷ್ಟೇ: ಡೇರಿಯಿಂದ ಖಾಲಿ ಕ್ಯಾನು ಮನೆಗೆ ತಂದಿಟ್ಟ ಮೇಲೆ ನೇರ ಶೆಡ್ಡಿಗೆ. ನಡುವೆ ಮೊಬೈಲ್ ಇಲ್ಲ, ಕಟ್ಟೆ ಇಲ್ಲ. ಚಹಾ ಅಭ್ಯಾಸ ಮುಗಿದ ಮೇಲೆ. ಹಾಲು ಹಾಕದ ಮನೆಯವರು ತಮ್ಮ ತಮ್ಮ ಗೂಟ ಹುಡುಕಿಕೊಂಡಿದ್ದಾರೆ. ಒಬ್ಬಾಕೆಯದು ತಮ್ಮನನ್ನು ಕನ್ನಡ ಶಾಲೆಗೆ ಬಿಟ್ಟು ಬರುವ ಹೊತ್ತು.

ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಓಟ ಮುಗಿಸಿ ಬೆವರು ಹಾಗೇ ಇರುವಾಗ ರೈಫಲಿಗೆ ಕೈ ಹಾಕುತ್ತಾರೆ. ಬೇಡ. ಓಟ ಒಳ್ಳೆಯದೇ, ವಿಶ್ರಾಂತಿಯ ಎದೆಬಡಿತ ಇಳಿಸಲು ಅದಕ್ಕಿಂತ ಅಗ್ಗದ ಮದ್ದಿಲ್ಲ. ಆದರೆ ಉಸಿರು ಪೂರ್ತಿ ತಣ್ಣಗಾಗುವವರೆಗೆ ಪಂಚೆಯೋ ಟವೆಲೋ ಹೊದ್ದು ಕೂತಿರಿ.

4. ಜಾಗ, ಗೋಡೆ, ಕಾನೂನು

ನಮ್ಮ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿವೆ. ಉದ್ದನೆಯ ಕಬ್ಬಿಣದ ಕಂಬ, ಮೇಲೆ ತಗಡು, ಒಳಗೆ ಬಲೆಯ ಅಟ್ಟಗಳು, ಮಗ್ಗುಲಿಗೆ ಹಸಿರು ನೆರಳುಬಲೆ. ಸಾಂಗ್ಲಿ, ವಿಜಯಪುರ ಎರಡೂ ಕಡೆಯ ಒಣದ್ರಾಕ್ಷಿ ಇಂಥ ಶೆಡ್ಡುಗಳಲ್ಲೇ ಆಗುವುದು. ಹಣ್ಣಿನ ಕಾಲ ಮುಗಿದರೆ ವರ್ಷದ ಬಹುಪಾಲು ಖಾಲಿ. ಹತ್ತು ಮೀಟರ್ ಆರಾಮಾಗಿ ಸಿಗುತ್ತದೆ. ಕೊಲ್ಹಾಪುರದ ದುಧಾಳಿ ರೇಂಜ್ ನಮಗೆ ದೂರ, ಪುಣೆಯ ಬಾಲೇವಾಡಿ ಇನ್ನೂ ದೂರ. ದಿನಾ ಹೋಗಲು ಆಗುವುದಿಲ್ಲವಾದ್ದರಿಂದ ದಿನಾ ಇರುವ ಜಾಗದಲ್ಲೇ ರೇಂಜು ಮಾಡಿಕೊಳ್ಳಬೇಕು.

ಅಳತೆ ಟೇಪಿನಲ್ಲಿ ಹಿಡಿಯಿರಿ, ಹೆಜ್ಜೆಯಲ್ಲಲ್ಲ. ನಿಂತ ಗೆರೆಯಿಂದ ಗುರಿಯ ಕಾರ್ಡಿನ ಮುಖದವರೆಗೆ ಹತ್ತು ಮೀಟರ್, ನಿಂತ ನೆಲದಿಂದ ಕಾರ್ಡಿನ ನಡುಬಿಂದುವಿಗೆ 1.40 ಮೀಟರ್ ಎತ್ತರ. ಕಾರ್ಡಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಪೆಲೆಟ್ಟೇ ನಾಲ್ಕೂವರೆ ಮಿಲಿಮೀಟರ್ ಇರುವಾಗ ಅರ್ಧ ಮಿಲಿಮೀಟರಿನ ಚುಕ್ಕೆಗೆ ಹೊಡೆಯುವುದು! ಇದನ್ನು ಮೊದಲ ಸಲ ಕೇಳಿದವರು ನಗುತ್ತಾರೆ. ಎತ್ತರ ನಾಲ್ಕು ಬೆರಳು ಹೆಚ್ಚುಕಡಿಮೆ ಆದರೂ ಮೈ ತಪ್ಪು ಭಂಗಿಯನ್ನೇ ಕಲಿತುಬಿಡುತ್ತದೆ.

ಕಾರ್ಡಿನ ಹಿಂದೆ ಮರದ ಪೆಟ್ಟಿಗೆ, ಒಳಗೆ ಹಳೆಯ ಕೌದಿಯ ಚಿಂದಿ ಗಟ್ಟಿಯಾಗಿ ತುಂಬಿದ್ದು, ಅದರ ಹಿಂದೆ ಮರಳು ತುಂಬಿದ ಗೋಣಿಚೀಲಗಳು. ಬರೀ ಕಬ್ಬಿಣದ ಹಾಳೆ ಅಥವಾ ಕಲ್ಲುಗೋಡೆ ಇಟ್ಟರೆ ಸೀಸ ಸಿಡಿದು ಹಿಂದಕ್ಕೆ ಬರುತ್ತದೆ. ಕನ್ನಡಕ ಎಲ್ಲರಿಗೂ ಕಡ್ಡಾಯ. ನೋಡಲು ಬಂದ ಅಜ್ಜನಿಗೂ. ಶೆಡ್ಡಿನ ಆಚೆ ದಾರಿಯಿದ್ದರೆ ಆ ದಿಕ್ಕಿಗೆ ಗುರಿ ಇಡಲೇಬೇಡಿ.

ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರಿನ, 20 ಜೂಲ್ ಶಕ್ತಿ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಹತ್ತು ಮೀಟರಿನ ಸ್ಪರ್ಧಾ ರೈಫಲುಗಳು ಆ ಮಿತಿಗಿಂತ ಬಹಳ ಕೆಳಗಿನವು. ಬಿಲ್ಲು ಜೋಪಾನವಾಗಿಡಿ, ಶೆಡ್ಡಿನಲ್ಲಿ ಏನು ನಡೆಯುತ್ತದೆಂದು ಠಾಣೆಗೂ ಗ್ರಾಮ ಪಂಚಾಯಿತಿಗೂ ಮೊದಲೇ ತಿಳಿಸಿಡಿ. ಹತಾರ ಒಪ್ಪಿಸಲ್ಲ ಎಂದು 1857ರಲ್ಲಿ ಎದ್ದ ಹಲಗಲಿಯ ಬೇಡರ ಲಾವಣಿ ಹಾಡುವ ಸೀಮೆ ನಮ್ಮದು. ಅತ್ತ ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಡುತ್ತಾರೆ. ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ಅವರ ಇತಿಹಾಸಕ್ಕೆ ಸೇರಿದ್ದು, ನಮಗೆ ಅನ್ವಯಿಸುವುದಿಲ್ಲ. ನಮ್ಮ ಹುಡುಗರು ಅದನ್ನು ಮೊಬೈಲಿನಲ್ಲಿ ನೋಡಿ ‘ನಮಗ್ಯಾಕಿಲ್ಲ?’ ಅನ್ನುತ್ತಾರೆ, ಅದಕ್ಕೇ ಹೇಳಿದೆ.

ಹಕ್ಕಿಗೆ ಹೊಡೆದವನು ಮರುದಿನ ಶೆಡ್ಡಿನೊಳಗಿಲ್ಲ. ಬೆಳವ, ಪಾರಿವಾಳ, ಅಳಿಲು ಯಾವುದೂ ಆಗದು. ನವಿಲಿಗೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು. ಮೊದಲ ದಿನವೇ, ಹುಡುಗನ ಅಪ್ಪನ ಎದುರಿಗೇ ಇದನ್ನು ಹೇಳುತ್ತೇನೆ.

5. ಪೆಲೆಟ್ಟಿಲ್ಲದ ದಿನಗಳೇ ಹೆಚ್ಚಿರಲಿ

ವಾರದಲ್ಲಿ ಹೊಡೆಯುವ ದಿನಕ್ಕಿಂತ ಹೊಡೆಯದ ದಿನ ಹೆಚ್ಚಿರಬೇಕು. ಹೊಡೆಯದ ದಿನದ ಕೆಲಸ ‘ಹೋಲ್ಡಿಂಗ್’: ರೈಫಲ್ ಎತ್ತುವುದು, ಸೈಟ್ ನೋಡುವುದು, ಉಂಗುರದೊಳಗಿನ ಕರಿ ಬೊಟ್ಟು ಎಷ್ಟು ಅಲುಗುತ್ತದೆಂದು ಗಮನಿಸುವುದು, ಇಳಿಸುವುದು. ಪೆಲೆಟ್ಟಿಗೆ ದುಡ್ಡು ಬೇಕು. ಇದಕ್ಕೆ ಬೇಡ. ದುಡ್ಡಿಲ್ಲದ ಮನೆಯ ಹುಡುಗಿ ದುಡ್ಡಿರುವ ಮನೆಯ ಹುಡುಗನನ್ನು ಹಿಂದೆ ಹಾಕುವ ಜಾಗ ಇದೊಂದೇ, ಹಾಕಿದ್ದನ್ನೂ ನೋಡಿದ್ದೇನೆ.

ಇಲ್ಲೊಂದು ಎಚ್ಚರಿಕೆ ಲಿವರಿನವರಿಗೆ. ಬೇರೆ ಬಗೆಯ ರೈಫಲಿನವರು ಪೆಲೆಟ್ಟಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವುದನ್ನು ನೋಡಿ ನೀವೂ ಸ್ಪ್ರಿಂಗ್ ಎಳೆದು ಖಾಲಿ ಬಿಡಬೇಡಿ. ಪೆಲೆಟ್ಟಿದ್ದರೆ ಅದರ ಹಿಂದೆ ಗಾಳಿ ಒಂದು ಮೆತ್ತೆಯಾಗಿ ನಿಂತು ಪಿಸ್ಟನ್ನಿನ ಹೊಡೆತವನ್ನು ತಡೆಯುತ್ತದೆ. ಪೆಲೆಟ್ಟಿಲ್ಲದಿದ್ದರೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ, ಸೀಲ್ ಹರಿಯುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಹಳೆಯ ರೈಫಲಿಗೆ ಸೀಲ್ ಹುಡುಕುವುದೆಂದರೆ ಕನ್ಯೆ ನೋಡಲು ಹೋದಂತೆ. ಊರೂರು ತಿರುಗಿದರೂ ಒಪ್ಪುವುದು ಸಿಗುವುದಿಲ್ಲ. ಸ್ಪ್ರಿಂಗ್ ಎಳೆಯದೆಯೇ ಹೋಲ್ಡಿಂಗ್ ಮಾಡಿ. ಬೆರಳು ಟ್ರಿಗರಿನ ಮೇಲೆ ಕೂರಲಿ, ಒತ್ತುವುದನ್ನು ಮನಸ್ಸಿನಲ್ಲಿ ಮಾಡಿ. ಗಾಳಿ ಒತ್ತುವ ಲಿವರಿನ ಕೆಲವು ರೈಫಲುಗಳಲ್ಲಿ ಖಾಲಿ ಟ್ರಿಗರಿಗೆಂದೇ ಬೇರೆ ಏರ್ಪಾಡು ಇರುತ್ತದೆ, ಅಂಥದ್ದಿದ್ದರೆ ಅದು ಭಾಗ್ಯ.

ಗೋಡೆಗೆ ಮುಖ ಮಾಡಿ ನಿಲ್ಲುವುದೂ ಒಳ್ಳೆಯ ಅಭ್ಯಾಸ. ಕಾರ್ಡೇ ಇಲ್ಲ, ಬಿಳಿ ಸುಣ್ಣದ ಗೋಡೆ. ಗುರಿ ಇಲ್ಲದಿದ್ದಾಗ ಕಣ್ಣಿಗೆ ಬೇರೆ ಕೆಲಸವಿಲ್ಲ, ಮುಂದಿನ ಸೈಟ್ ಒಂದೇ ಕಾಣುತ್ತದೆ. ಖಾಲಿ ಟ್ರಿಗರಿನ ಏರ್ಪಾಡಿದ್ದರೆ, ಬೆರಳು ಒತ್ತುವಾಗ ಆ ಸೈಟ್ ಯಾವ ಕಡೆ ಜಿಗಿಯಿತೆಂದು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ.

6. ಕೈಯಲ್ಲಿ ಸರಿ ಮಾಡಬೇಡಿ, ಕಾಲಲ್ಲಿ ಮಾಡಿ

ಇದು ಎಲ್ಲರೂ ಓದುವ, ಯಾರೂ ಮಾಡದ ಪಾಠ. ನಿಂತು, ರೈಫಲ್ ಎತ್ತಿ, ಕಣ್ಣು ಮುಚ್ಚಿ. ಎರಡು ಉಸಿರು ಬಿಡಿ. ಕಣ್ಣು ತೆರೆಯಿರಿ. ಮುಂದಿನ ಸೈಟ್ ಈಗ ಎಲ್ಲಿದೆಯೋ ಅದೇ ನಿಮ್ಮ ಮೈ ತಾನಾಗಿ ನೋಡುವ ಜಾಗ. ಕಾರ್ಡಿನ ಎಡಕ್ಕಿದ್ದರೆ ತೋಳಿನಿಂದ ಬಲಕ್ಕೆ ತಳ್ಳಬೇಡಿ. ತಳ್ಳಿದ ತೋಳು ಪೆಲೆಟ್ಟು ಹೊರಡುವ ಹೊತ್ತಿಗೆ ತನ್ನ ಮೂಲ ಜಾಗಕ್ಕೆ ಎಳೆಯುತ್ತದೆ, ಗುಂಡು ಎಡಕ್ಕೆ ಬೀಳುತ್ತದೆ. ಹಿಂಬದಿ ಕಾಲನ್ನು ಒಂದು ಬೆರಳಿನಷ್ಟು ಸರಿಸಿ, ಮತ್ತೆ ಕಣ್ಣು ಮುಚ್ಚಿ, ತೆರೆದು ನೋಡಿ. ಮೇಲೆ ಕೆಳಗೆ ಹೋಗಿದ್ದರೆ ಎಡಗೈ ಹಿಡಿತದ ಜಾಗ ಬದಲಿಸಿ. ಸೈಟು ತಾನಾಗಿ ಕರಿ ಬೊಟ್ಟಿನ ಮೇಲೆ ಬಂದು ಕೂರುವವರೆಗೆ ಇಷ್ಟೇ ಕೆಲಸ.

ಸರಿಯಾದ ಜಾಗ ಸಿಕ್ಕ ಮೇಲೆ ನೆಲದ ಮೇಲೆ ಸುಣ್ಣದಿಂದ ಎರಡೂ ಪಾದಗಳ ಗುರುತು ಹಾಕಿಕೊಳ್ಳಿ. ನಾಳೆ ಅಲ್ಲೇ ನಿಲ್ಲಬಹುದು. ನಮ್ಮ ಶೆಡ್ಡಿನ ನೆಲದಲ್ಲಿ ಒಬ್ಬೊಬ್ಬರದೂ ಒಂದೊಂದು ಜೋಡಿ ಪಾದ ಇದೆ. ಹೊಸಬರು ಪೂಜೆಯ ರಂಗೋಲಿಯೆಂದು ತಿಳಿದು ದಾಟದೆ ಸುತ್ತು ಹಾಕಿ ಬರುತ್ತಾರೆ.

ನೆಲವೂ ಸಮನಿರಬೇಕು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅರ್ಹತಾ ಸುತ್ತಿನಲ್ಲಿ ಮೂರನೆಯವರಾಗಿ ಫೈನಲ್ಲಿಗೆ ಹೋಗಿ ಏಳನೆಯವರಾಗಿ ಹೊರಬಂದರು. ಅವರು ನಿಂತಿದ್ದ ಜಾಗದ ಟೈಲ್ ಸಡಿಲವಾಗಿತ್ತೆಂಬುದು ಆಮೇಲೆ ತಿಳಿಯಿತು. ನಾಲ್ಕು ವರ್ಷದ ನಂತರ ಬೀಜಿಂಗಿನಲ್ಲಿ ಕೊನೆಯ ಗುಂಡು 10.8 ಹೊಡೆದು ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತು, ಟೈಲಿನ ಕತೆ ಕೆಲವರಿಗೆ ಮಾತ್ರ. ನಾನು ಹುಡುಗರಿಗೆ ಹೇಳುವುದು ಟೈಲಿನದ್ದೇ. ಅವರು ಎಷ್ಟು ನೆಟ್ಟಗೆ ನಿಂತಿದ್ದರೆಂದರೆ ಒಂದು ಟೈಲ್ ಅಲುಗಿದ್ದೂ ಅಂಕದಲ್ಲಿ ಕಂಡಿತು. ನಾವು ನಿಲ್ಲುವ ನಿಲುವಿನಲ್ಲಿ ಶೆಡ್ಡೇ ಅಲುಗಿದರೂ ತಿಳಿಯುವುದಿಲ್ಲ.

7. ಇಳಿಸುವುದನ್ನು ಕಲಿಯಿರಿ

ಉಸಿರು ನಿಂತ ಮೇಲೆ ಆರೆಂಟು ಸೆಕೆಂಡು ಕಣ್ಣು ಚೆನ್ನಾಗಿ ನೋಡುತ್ತದೆ. ಅದು ದಾಟಿತೋ, ಕಣ್ಣು ನೋಡದ್ದನ್ನೂ ನೋಡಿದೆನೆಂದು ಹೇಳಲು ಶುರು ಮಾಡುತ್ತದೆ, ತೋಳು ನಡುಗುತ್ತದೆ. ಇಳಿಸಿ. ಮತ್ತೆ ಎತ್ತಿ. ಅಭ್ಯಾಸದಲ್ಲಿ ಪ್ರತಿ ಹತ್ತು ಸುತ್ತಿಗೆ ಒಂದೆರಡು ಸಲ, ಎಲ್ಲ ಸರಿಯಿದ್ದರೂ, ಬೇಕೆಂದೇ ಇಳಿಸಲು ಹೇಳುತ್ತೇನೆ. ಸ್ಪರ್ಧೆಯ ದಿನ ಇಳಿಸಲು ಧೈರ್ಯ ಬರುವುದು ಇಲ್ಲಿಂದ.

8. ಮೊದಲು ಹೇಳಿ, ಆಮೇಲೆ ನೋಡಿ

ಪೆಲೆಟ್ಟು ಹೊರಟ ಕ್ಷಣ ಸೈಟ್ ಎಲ್ಲಿತ್ತೆಂದು ನಿಮಗೆ ಗೊತ್ತಿರಬೇಕು. ‘ಒಂಬತ್ತು, ಬಲಕ್ಕೆ, ಗಡಿಯಾರದ ಮೂರು ಗಂಟೆ ಕಡೆ’ ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ದುರ್ಬೀನಿನಲ್ಲಿ ಕಾರ್ಡು ನೋಡಿ. ಹೇಳಿದ್ದೂ ಬಿದ್ದದ್ದೂ ಒಂದೇ ಆದರೆ ತಪ್ಪು ನಿಮ್ಮದು, ಅದೂ ನಿಮಗೆ ಗೊತ್ತಿರುವ ತಪ್ಪು. ತಿದ್ದಬಹುದು. ‘ಹತ್ತು’ ಎಂದು ಹೇಳಿದ್ದು ಮೇಲಿಂದ ಮೇಲೆ ಎಡಕ್ಕೇ ಬೀಳುತ್ತಿದ್ದರೆ ಸೈಟನ್ನು ಕ್ಲಿಕ್ ಮಾಡಿ ಸರಿಸಿ. ಎರಡೂ ತಾಳೆಯಾಗದೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುತ್ತಿದ್ದರೆ ಆ ದಿನ ಸೈಟಿಗೆ ಕೈ ಹಾಕಬೇಡಿ. ಪೆಲೆಟ್ಟು ಹೊರಡುವಾಗ ನಿಮ್ಮ ಕಣ್ಣು ಬೇರೆಲ್ಲೋ ಇತ್ತು.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಎಡಕ್ಕೆ ಹೇಳಿದ್ದು, ಬಲಕ್ಕೆ ಬಿದ್ದದ್ದು, ಕೊನೆಗೆ ಒಂದು ಸಾಲು: ನಿದ್ದೆ ಹೇಗಿತ್ತು, ಗಾಳಿ ಎತ್ತಣಿಂದ, ಭುಜ ನೋವಿತ್ತೋ. ಕರಜಗಿಯ ಗಾಳಿ ಹತ್ತು ಮೀಟರಿನ ಪೆಲೆಟ್ಟನ್ನು ಅಷ್ಟಾಗಿ ಸರಿಸುವುದಿಲ್ಲ. ಸರಿಸುವುದು ನಿಂತವನನ್ನು. ನೆರಳುಬಲೆ ಪಟಪಟ ಅನ್ನುವಾಗ ಮೈ ತಾನೇ ಗಾಳಿಗೆ ಎದೆ ಕೊಟ್ಟು ಬಾಗುತ್ತದೆ. ಈ ಜಾಡು ಸಿಕ್ಕಿದ್ದು ನೋಟ್‌ಬುಕ್ಕಿನಿಂದಲೇ: ಗಾಳಿ ದಿನಗಳಲ್ಲಿ ಮೂರು ನಾಲ್ಕು ಮಂದಿಯ ಗುಂಡು ಒಂದೇ ಕಡೆ ಜಾರುತ್ತಿತ್ತು. ಪಡುವಣ ಮಗ್ಗುಲಿಗೆ ತಾಡಪತ್ರಿ ಕಟ್ಟಿದ ಮೇಲೆ ನಿಂತಿತು.

ಹೊಸಬರು ಅಂಕ ಬರೆಯಬಾರದು, ಗ್ರೂಪ್ ಅಳೆಯಬೇಕು. ಐದು ಗುಂಡು ಒಂದೇ ಕಾರ್ಡಿಗೆ. ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಹಿಡಿಯಿರಿ. ಐದೂ ಆರರ ವೃತ್ತದಲ್ಲಿ ಬಿದ್ದರೂ ಒಂದು ಹುಣಸೆಬೀಜದಡಿ ಮುಚ್ಚುವಂತಿದ್ದರೆ ಸೈಟ್ ತಿರುಗಿಸಿದರೆ ಹತ್ತಕ್ಕೆ ಬರುತ್ತದೆ. ಒಂದು ಹತ್ತು, ಒಂದು ಏಳು, ಒಂದು ಒಂಬತ್ತು ಬಿದ್ದ ಕಾರ್ಡನ್ನು ಯಾವ ಸೈಟೂ ಉದ್ಧಾರ ಮಾಡುವುದಿಲ್ಲ. ಚಪ್ಪಟೆ ತಲೆಯ ಪೆಲೆಟ್ಟನ್ನೇ ಬಳಸಿ. ಅದು ಕಾಗದವನ್ನು ಪಂಚಿಂಗ್ ಮೆಷಿನ್ನಿನಂತೆ ದುಂಡಗೆ ಕತ್ತರಿಸುತ್ತದೆ, ಚೂಪು ತಲೆಯದು ಹರಿದು ಹಾಕುತ್ತದೆ, ಅಳತೆ ಸಿಗುವುದಿಲ್ಲ.

9. ವಾರಕ್ಕೆ ಒಂದೇ ದಿನ ಅಂಕ

ಭಾನುವಾರ ನಮ್ಮಲ್ಲಿ ಪಂದ್ಯ. ಅರವತ್ತು ಗುಂಡು, ಎಪ್ಪತ್ತೈದು ನಿಮಿಷ, ಅದಕ್ಕೂ ಮೊದಲು ಹದಿನೈದು ನಿಮಿಷ ಸೈಟ್ ನೋಡಿಕೊಳ್ಳಲು. ಮಾತಿಲ್ಲ, ಸಲಹೆಯಿಲ್ಲ. ಊರಿನವರು ಬಂದು ಹಿಂದೆ ಕೂರಲಿ, ಮಕ್ಕಳು ಗಲಾಟೆ ಮಾಡಲಿ, ಅದೂ ಅಭ್ಯಾಸವೇ. ಉಳಿದ ದಿನ ಅಂಕ ಬರೆದರೆ ಹುಡುಗರು ಅಂಕದ ಹಿಂದೆ ಬೀಳುತ್ತಾರೆ, ಸುತ್ತು ಕೆಡುತ್ತದೆ.

ಕೊಲ್ಹಾಪುರ ಸೀಮೆಯ ಹೆಸರು ಶೂಟಿಂಗಿನಲ್ಲಿ ದೊಡ್ಡದು. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್ಕಿನಲ್ಲಿ ವಿಶ್ವ ಚಾಂಪಿಯನ್ ಆದರು. ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸಿನಲ್ಲಿ ಪಿಸ್ತೂಲಿನ ಚಿನ್ನ ಗೆದ್ದರು. ನಮ್ಮ ಹುಡುಗರಿಗೆ ಹತ್ತಿರ ಅನ್ನಿಸುವವರು ಮಾತ್ರ ಸ್ವಪ್ನಿಲ್ ಕುಸಾಳೆ, ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿಯವರು. ಹಳ್ಳಿಯವರು, ರೈಲ್ವೆಯಲ್ಲಿ ನೌಕರಿ. 2024ರ ಆಗಸ್ಟ್ 1ರಂದು ಪ್ಯಾರಿಸ್ಸಿನಲ್ಲಿ ಐವತ್ತು ಮೀಟರಿನ ಮೂರು ಭಂಗಿಗಳ ಫೈನಲ್ಲಿನಲ್ಲಿ 451.4 ಅಂಕ ಹೊಡೆದು ಕಂಚು ತಂದರು. ಆ ಫೈನಲ್ ಮತ್ತೆ ಹಾಕಿ ನೋಡಿ. ಮೊಣಕಾಲೂರಿ, ಮಲಗಿ ಹೊಡೆಯುವ ಮೊದಲೆರಡು ಭಂಗಿ ಮುಗಿದಾಗ ಅವರು ಪದಕದ ಸ್ಥಾನದಲ್ಲಿರಲಿಲ್ಲ. ಮೇಲೇರಿದ್ದು ನಿಂತು ಹೊಡೆಯುವಾಗ. ಮೂರರಲ್ಲಿ ಅತಿ ಕಷ್ಟದ ಭಂಗಿ ಅದು, ನಾವು ಶೆಡ್ಡಿನಲ್ಲಿ ದಿನಾ ಮಾಡುವುದೂ ಅದನ್ನೇ. ಅವರ ಮುಖ ಗಮನಿಸಿ. ಒಳ್ಳೆಯ ಗುಂಡಿಗೂ ಸಪ್ಪೆ ಗುಂಡಿಗೂ ಒಂದೇ ಮುಖ.

ಈ ಹೆಸರುಗಳನ್ನು ಹೇಳಿ ಮಕ್ಕಳಿಗೆ ಒಲಿಂಪಿಕ್ಸಿನ ಆಸೆ ಹಚ್ಚುವುದು ನನಗೆ ಅಷ್ಟಾಗಿ ಹಿಡಿಸದು. ಬಹಳ ಮಂದಿಗೆ ಜಿಲ್ಲೆಯ ಪಂದ್ಯವೇ ದೊಡ್ಡದು. ಜತ್ತದ ಕಾಲೇಜಿಗೆ ಹೋದಾಗ ಎನ್‌ಸಿಸಿಯಲ್ಲಿ .22 ರೈಫಲಿನ ಫೈರಿಂಗ್ ಸಿಗುತ್ತದೆ. ಅಲ್ಲಿ ಮೊದಲ ಸಲ ಮಲಗಿ ಹೊಡೆಯುವಾಗ ನಮ್ಮವರು ಬೇರೆಯವರಿಗಿಂತ ನಿಧಾನವಾಗಿ ಹೊಡೆಯುತ್ತಾರೆಂದು ಬೈಸಿಕೊಂಡು ಬರುತ್ತಾರೆ. ನನಗೆ ಅದೇ ಖುಷಿ.

10. ಕೈ ತೊಳೆಯಿರಿ

ಪೆಲೆಟ್ಟು ಸೀಸದ್ದು. ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯಬಾರದು. ಬಾಯಲ್ಲಿ ಪೆಲೆಟ್ಟು ಇಟ್ಟುಕೊಂಡು ಒಂದೊಂದಾಗಿ ತೆಗೆದು ತುಂಬುವ ಚಾಳಿ ಹುಡುಗರಿಗೆ ಎಲ್ಲಿಂದ ಬರುತ್ತದೋ ಗೊತ್ತಿಲ್ಲ, ಕಂಡ ಕೂಡಲೇ ಬಿಡಿಸಿ. ಶೆಡ್ಡಿನ ಬಾಗಿಲಲ್ಲಿ ಒಂದು ಕೊಡ ನೀರು, ಒಂದು ಸೋಪು. ದ್ರಾಕ್ಷಿ ಒಣಗುವ ಜಾಗವಾದ್ದರಿಂದ ಪೆಟ್ಟಿಗೆಯೊಳಗಿನ ಸೀಸವನ್ನು ನೆಲಕ್ಕೆ ಚೆಲ್ಲದಂತೆ ಡಬ್ಬಿಗೆ ತುಂಬಿ ತೆಗೆಯಬೇಕು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣ ಪೊರಕೆ ಬೇಡ. ಶೆಡ್ಡಿನ ಯಜಮಾನರಿಗೆ ಇದಕ್ಕಿಂತ ದೊಡ್ಡ ಬಾಡಿಗೆ ಯಾವುದೂ ಇಲ್ಲ.

11. ಸುಗ್ಗಿಯಲ್ಲಿ ಚಿಕ್ಕದಾಗಲಿ, ನಿಲ್ಲದಿರಲಿ

ಚಳಿ ಇಳಿಯುತ್ತಿದ್ದಂತೆ ದ್ರಾಕ್ಷಿ ಇಳಿಯುತ್ತದೆ, ಶೆಡ್ಡಿನ ಅಟ್ಟಗಳು ತುಂಬುತ್ತವೆ. ಹಣ್ಣು ಒಣಗಿ, ಉದುರಿಸಿ, ಆರಿಸಿ ಪೆಟ್ಟಿಗೆಗೆ ಹೋಗುವವರೆಗೆ ರೇಂಜ್ ಇಲ್ಲ. ಅದೇ ಹೊತ್ತಿಗೆ ಜೋಳದ ರಾಶಿ, ಮದುವೆ, ಗುಡ್ಡಾಪುರದ ದಾನಮ್ಮನ ದರ್ಶನ, ಪರೀಕ್ಷೆ ಎಲ್ಲ ಒಟ್ಟಿಗೆ ಬರುತ್ತವೆ. ಬಿಸಿಲು ಏರಿದ ಮೇಲೆ ತಗಡಿನಡಿ ಕ್ಯಾನ್ವಾಸ್ ಜಾಕೆಟ್ ಹಾಕಿ ನಿಲ್ಲುವುದು ಅಂತೂ ಆಗದ ಮಾತು.

ಈ ಕಾಲಕ್ಕೆ ಬೇರೆ ಲೆಕ್ಕ. ಲಿವರಿನ ರೈಫಲನ್ನು ಸ್ಪ್ರಿಂಗ್ ಬಿಟ್ಟ ಸ್ಥಿತಿಯಲ್ಲಿ, ನಳಿಗೆ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಬೀಗ ಹಾಕಿ ಇಡುತ್ತೇವೆ. ನಳಿಗೆಯೊಳಗೆ ಎಣ್ಣೆ ಸುರಿಯುವುದಿಲ್ಲ; ಸ್ಪ್ರಿಂಗಿನ ರೈಫಲಿನಲ್ಲಿ ಪಿಸ್ಟನ್ ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿ ಸಿಡಿಯುತ್ತದೆ. ಹುಡುಗರು ಮನೆಯಲ್ಲಿ ರೈಫಲಿನಷ್ಟೇ ತೂಕದ ಕೋಲು, ಅದರ ತುದಿಗೆ ಒಂದು ಬಳೆ ಕಟ್ಟಿಕೊಂಡು, ಗೋಡೆಯ ಮೇಲಿನ ಚುಕ್ಕೆಗೆ ಹಿಡಿದು ನಿಲ್ಲುತ್ತಾರೆ. ಕ್ಯಾನು ತಂದಿಟ್ಟ ಮೇಲೆ ಹತ್ತೇ ಸಲ. ಕಾಲು ಸರಿಸುವುದು, ಕಣ್ಣು ಮುಚ್ಚುವುದು, ಉಸಿರು ನಿಲ್ಲಿಸುವುದು, ಇಳಿಸುವುದು. ನೋಟ್‌ಬುಕ್ಕಿನಲ್ಲಿ ಆ ದಿನದ ಒಂದು ಸಾಲು. ಹತ್ತೂ ಆಗದ ದಿನ ಮೂರು ಮಾಡಿ, ಮೂರೆಂದೇ ಬರೆಯಿರಿ.

ಮೊದಲ ಮಳೆಗೆ ಶೆಡ್ಡು ಖಾಲಿಯಾದಾಗ ಟೇಪು ಹಿಡಿದು ಹತ್ತು ಮೀಟರ್ ಮತ್ತೆ ಅಳೆಯುತ್ತೇವೆ, ಸುಣ್ಣದ ಪಾದಗಳನ್ನು ಹೊಸದಾಗಿ ಬರೆಯುತ್ತೇವೆ. ಹಳೆಯ ಗುರುತಿನ ಮೇಲೆಯೇ ಯಾರನ್ನೂ ನಿಲ್ಲಿಸುವುದಿಲ್ಲ, ಬೆಳೆಯುವ ಮಕ್ಕಳ ಕಾಲು ಅಷ್ಟರಲ್ಲಿ ಒಂದು ಬೆರಳು ಉದ್ದವಾಗಿರುತ್ತದೆ.